ಎಲೆಗೆ ಉಣಿಸಿದ ಕಥೆ



ಸಂಜೆಯ ವೇಳೆ ಮೈಸೂರಿನ ಬೀದಿಗಳಲ್ಲಿ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ ಕೊಡುವ ಮುಸುಕಿನ ಜೋಳವನ್ನು ತಾವು ಸವಿದೇ ಇರುತ್ತೀರಿ. ಉತ್ತರದ ಜಿಲ್ಲೆಗಳವರಿಗೆ ಇದು ಗೋವಿನಜೋಳ, ಇನ್ನು ಕೆಲವರಿಗೆ ಮೆಕ್ಕೆಜೋಳ. ತೆನೆಯ ಹೊದಿಕೆಯನ್ನು ಕಂಡು ನಮ್ಮವರು ಇಟ್ಟ ಹೆಸರೇ ನನಗೆ ಹೆಚ್ಚು ಸೊಗಸು. ಆದರೆ ಮುಸುಕು ಬಿಚ್ಚಿದಾಗ ಕಾಳು ಅಲ್ಲಲ್ಲಿ ಕಟ್ಟದೆ ತೆನೆ ಬೋಳಾಗಿರುವುದೂ ಉಂಟು. ಅದಕ್ಕೆ ಕಾರಣಗಳು ಹಲವು. ಗಿಡದ ಹಸಿವು ಅವುಗಳಲ್ಲೊಂದು.

ಈ ಹಸಿವು ಮೂಟೆಗಟ್ಟಲೆ ಗೊಬ್ಬರದ್ದಲ್ಲ. ಸತು, ಬೋರಾನ್, ಕಬ್ಬಿಣ ಮೊದಲಾದುವುಗಳ ಚಿಟಿಕೆಯಷ್ಟು ಅಂಶದ್ದು. ಸತುವಿಲ್ಲದೆ ಗಿಡ ಬೆಳೆಯದೆಂಬುದನ್ನು ಫ್ರಾನ್ಸಿನ ಮಾಜೆ ಎಂಬ ವಿಜ್ಞಾನಿ ೧೯೧೫ರ ಸುಮಾರಿಗೆ ತೋರಿಸಿಕೊಟ್ಟದ್ದು ಇದೇ ಮುಸುಕಿನ ಜೋಳದಲ್ಲಿ. ಅದಕ್ಕೂ ಎಪ್ಪತ್ತು ವರ್ಷ ಹಿಂದೆ, ೧೮೪೪ರ ವೇಳೆಗೆ, ಅದೇ ದೇಶದ ಗ್ರಿ ಎಂಬಾತನು ಹಳದಿಗಟ್ಟಿದ ಎಲೆಗಳಿಗೆ ಕಬ್ಬಿಣದ ಲವಣದ ನೀರನ್ನು ಸವರಿ, ಅವು ಹಸುರಾದುದನ್ನು ಕಂಡಿದ್ದನು. ಬೇರಲ್ಲದೆ ಎಲೆಯೂ ಉಣ್ಣಬಲ್ಲದು! ಈ ಎರಡು ಅರಿವುಗಳು ಕೂಡಿ ಹೊಲಕ್ಕಿಳಿಯಲು ಬಹುಕಾಲ ಹಿಡಿಯಿತು.

ನಮ್ಮ ಸೀಮೆಗೆ ಸಿಂಪಡಣೆ ಬಂದದ್ದು ಬೇರೆ ದಾರಿಯಲ್ಲಿ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅಡಕೆಯ ಗೊನೆಗೆ ಅದು ಮದ್ದು. ಜೋಳದ ಎಲೆಗೆ ಸತುವಿನ ನೀರು ಊಟ. ಸುಣ್ಣ ಮಾತ್ರ ಎರಡರಲ್ಲೂ ಜತೆಗಾರ.

ಎಳೆಯ ಎಲೆಯ ಬುಡದಲ್ಲಿ ನಡುನರದ ಇಕ್ಕೆಲಗಳಲ್ಲೂ ಬಿಳಿಯ ಪಟ್ಟಿ, ಗಿಡ್ಡವಾದ ಗೆಣ್ಣು: ಇವು ಸತುವಿನ ಕೊರತೆಯ ಗುರುತುಗಳು. ಹಾಗೆಯೇ ಬಿಟ್ಟರೆ ತೆನೆ ತಡವಾಗಿ, ಇಳುವರಿ ತಗ್ಗುತ್ತದೆ. ಲೀಟರು ನೀರಿಗೆ ೫ ಗ್ರಾಂ ಸತುವಿನ ಸಲ್ಫೇಟು, ೨.೫ ಗ್ರಾಂ ಸುಣ್ಣ ಬೆರೆಸಿ, ಸೋಸಿ ಸಿಂಪಡಿಸಿದರೆ ಮುಂದಿನ ಎಲೆಗಳು ಹಸುರಾಗಿ ಮೂಡುತ್ತವೆ. ಸುಣ್ಣವಿಲ್ಲದಿದ್ದರೆ ಎಲೆ ಸುಟ್ಟೀತು. ಕಾರಣವರಿಯದ ರೈತನು ಬಿಳಿಚಿದ ಗಿಡಕ್ಕೆ ರಂಜಕದ ಗೊಬ್ಬರವನ್ನೇ ಮತ್ತಷ್ಟು ಸುರಿದನೆಂದರೆ ಸತುವಿನ ಬಡತನ ಇನ್ನೂ ಹೆಚ್ಚುತ್ತದೆ; ಅವನ ಸಾಲವೂ ಹೆಚ್ಚುತ್ತದೆ.

ಹಾಗೆಂದು ಎಲೆಯೊಂದರಿಂದಲೇ ಬೆಳೆಯನ್ನು ಸಾಕಲಾಗದು. ಸಿಂಪಡಣೆ ನಿಂತ ಬೆಳೆಯನ್ನು ಉಳಿಸಿಕೊಳ್ಳುವ ಉಪಾಯ. ಮುಂದಿನ ಬೆಳೆಗೆ ಸತುವನ್ನು ಮಣ್ಣಿಗೇ ಕೊಡಬೇಕು. ಕೊರತೆಯೇ ಇಲ್ಲದ ಹೊಲದಲ್ಲಿ ಸಿಂಪಡಿಸಿದ ಹಣ ನೀರಿನಲ್ಲಿ ಹೋದಂತೆಯೇ. ಆದ್ದರಿಂದ ಮಣ್ಣಿನ ಪರೀಕ್ಷೆ ಮೊದಲು. ಹಳ್ಳಿಯಲ್ಲಿ ಹೊಲವಿಟ್ಟುಕೊಂಡು ನಗರದಲ್ಲಿ ನೆಲಸಿರುವವರು, ಬಿತ್ತನೆಯಾದ ಮೂರನೆಯ ವಾರದಲ್ಲಿ ಒಮ್ಮೆ ಹೋಗಿ ಸುಳಿಯ ಎಲೆಯನ್ನು ಕಣ್ಣಾರೆ ನೋಡಿ ಬರಬಹುದು.