ಯಂತ್ರಾಂಶದೋಷದಿಂದ ಗಣಕ ಸ್ಥಗಿತ: ಪತ್ತೆಯ ಇತಿಹಾಸ

ಪ್ರೊಸೆಸರ್ ಇಲ್ಲವೆ ರ‍್ಯಾಮ್‌ನ ಭೌತಿಕ ದೋಷದಿಂದ ಗಣಕಯಂತ್ರ ಇದ್ದಕ್ಕಿದ್ದಂತೆ ನಿಂತುಹೋದಾಗ, ತಪ್ಪು ತಂತ್ರಾಂಶದ್ದಲ್ಲವೆಂದು ಖಚಿತಪಡಿಸಿಕೊಂಡು ಕೆಟ್ಟ ಭಾಗವನ್ನು ಬೇರ್ಪಡಿಸುವ ಕೆಲಸವೇ ಯಂತ್ರಾಂಶದೋಷ ಪತ್ತೆ. ಇದರ ಇತಿಹಾಸವನ್ನು ವಿಶ್ವಕಿರಣಗಳ ಕಥೆಯಾಗಿ ಹೇಳುವ ರೂಢಿ ಬಲವಾಗಿದೆಯಾದರೂ ಬಳಕೆಯಲ್ಲಿದ್ದ ಯಂತ್ರಗಳಿಂದಲೇ ಕಲೆಹಾಕಿದ ದಾಖಲೆಗಳು ಆ ಕಥೆಯನ್ನು ಅಷ್ಟಾಗಿ ಸಮರ್ಥಿಸುವುದಿಲ್ಲ.

ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ದೋಷ ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು. ಅಂಥ ದೋಷಗಳ ಒಂದು ಮೂಲದತ್ತ ಬೊಟ್ಟು ಮಾಡಿ, ಇಂಟೆಲ್‌ನ ಸಂಶೋಧಕರಾದ ಮೇ ಮತ್ತು ವುಡ್ಸ್ 1978ರಲ್ಲಿ, ಚಿಪ್ಪಿನ ಹೊದಿಕೆಯಲ್ಲಿ ಲೇಶಮಾತ್ರವಿದ್ದ ಯುರೇನಿಯಂ, ಥೋರಿಯಂಗಳ ಆಲ್ಫಾ ಕಣಗಳು ಸ್ಮೃತಿಯ ಬಿಟ್ಟನ್ನು ಬದಲಿಸಬಲ್ಲವೆಂದು ತೋರಿಸಿದರು. ಮರುವರ್ಷ ಸಂಶೋಧಕರಾದ ಜೀಗ್ಲರ್ ಮತ್ತು ಲ್ಯಾನ್‌ಫರ್ಡ್ ಅದೇ ಶಂಕೆಯನ್ನು ವಿಶ್ವಕಿರಣಗಳ ಮೇಲೂ ಇಟ್ಟರು. ಮುಂದೆ ಐಬಿಎಂ ಚಿಪ್ಪುಗಳನ್ನು ನೆಲದಡಿಯಲ್ಲೂ ಇರಿಸಿ ಪರೀಕ್ಷಿಸಿತು. ಬಂಡೆಯ ಮರೆಯಲ್ಲಿ ವಿಶ್ವಕಿರಣಗಳ ತೀವ್ರತೆ ಹೇಗೆ ಕುಗ್ಗುತ್ತದೆಂಬುದನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೋಲಾರದ ಚಿನ್ನದ ಗಣಿಯಲ್ಲಿ 1950ರ ದಶಕದಿಂದಲೇ ಅಳೆಯುತ್ತ ಬಂದಿತ್ತೆಂಬುದು ಇಲ್ಲಿ ನೆನೆಯತಕ್ಕದ್ದು. ಹೀಗೆ ಕಣವೊ ಕಿರಣವೊ ತಾಗಿ ಸ್ಮೃತಿಯ ಬಿಟ್ ಒಮ್ಮೆ ಬದಲಾಗಿ ಚಿಪ್ಪು ಕೆಡದೆ ಉಳಿದರೆ ಅದು ಮೃದುದೋಷ, ಅದೇ ಜಾಗದಲ್ಲಿ ಮರುಕಳಿಸಿದರೆ ದೃಢದೋಷ.

ಈ ಭೇದವೇ ಮುಂದಿನ ತಿರುವಿಗೆ ಕಾರಣವಾಯಿತು. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿದ 2009ರ ಅಧ್ಯಯನದಲ್ಲಿ, ವರ್ಷಕ್ಕೆ ಸುಮಾರು ಮೂರನೇ ಒಂದು ಪಾಲು ಯಂತ್ರಗಳಲ್ಲಿ ಸ್ಮೃತಿದೋಷ ಕಂಡಿತಲ್ಲದೆ ಅವುಗಳಲ್ಲಿ ದೃಢದೋಷಗಳದೇ ಮೇಲುಗೈ ಎಂಬ ನಿರ್ಣಯಕ್ಕೆ ಬರಲಾಯಿತು. ಮೈಕ್ರೋಸಾಫ್ಟ್ ಸಂಶೋಧಕರು 2011ರಲ್ಲಿ ಸುಮಾರು 10 ಲಕ್ಷ ಮನೆಬಳಕೆಯ ಗಣಕಗಳ ದಾಖಲೆ ಪರಿಶೀಲಿಸಿ, ಯಂತ್ರಾಂಶದೋಷದಿಂದ ಒಮ್ಮೆ ಸ್ಥಗಿತಗೊಂಡ ಯಂತ್ರ ಮತ್ತೆ ಹಾಗಾಗುವ ಸಂಭವ ನೂರು ಪಟ್ಟಿನವರೆಗೂ ಏರುತ್ತದೆಂದು ತೋರಿಸಿದರು. ರ‍್ಯಾಮ್ ಸ್ಟಿಕ್ ಕಳಚಿ, ಅದರ ಚಿನ್ನಲೇಪಿತ ಅಂಚನ್ನು ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಬೇರೆ ಬೇರೆ ಸ್ಲಾಟಿಗೆ ಹಾಕಿ ನೋಡುವ ದುರಸ್ತಿಗಾರರ ಕ್ರಮಕ್ಕೂ, 1994ರಲ್ಲಿ ಹುಟ್ಟಿದ ಮೆಮ್‌ಟೆಸ್ಟ್86 ತಂತ್ರಾಂಶ ಸ್ಮೃತಿಯ ಪ್ರತಿ ವಿಳಾಸಕ್ಕೂ ನಾನಾ ವಿನ್ಯಾಸಗಳನ್ನು ಬರೆದು ಓದುವ ಕ್ರಮಕ್ಕೂ ಈ ಮರುಕಳಿಕೆಯೇ ಆಧಾರ.

ಕಳಚಿ ನೋಡಲಾಗದ ಯಂತ್ರದಲ್ಲಿ ಪತ್ತೆ ಎಷ್ಟು ಕಠಿಣವೆಂಬುದಕ್ಕೆ ಪಶ್ಚಿಮ ಬೆಂಗಳೂರಿನ ನಿದರ್ಶನವಿದೆ. 2008ರ ಅಕ್ಟೋಬರ್ 22ರಂದು ಉಡಾಯಿಸಲಾದ ಚಂದ್ರಯಾನ-1ರೊಡನೆ ಪೀಣ್ಯದ ನಿಯಂತ್ರಣ ಕೇಂದ್ರವು ಕೆಂಗೇರಿಯಿಂದಾಚೆಯ ಬ್ಯಾಲಾಳುವಿನ 18 ಮತ್ತು 32 ಮೀಟರ್ ಆಂಟೆನಾಗಳ ಮೂಲಕ ಸಂಪರ್ಕ ಇಟ್ಟುಕೊಂಡಿತ್ತು. ಚಂದ್ರನ ಬಳಿ ನೌಕೆ ನಿರೀಕ್ಷೆ ಮೀರಿ ಕಾಯಿತು. 2009ರಲ್ಲಿ ದಿಕ್ಕು ಗುರುತಿಸುವ ನಕ್ಷತ್ರ ಸಂವೇದಕಗಳು ಕೆಟ್ಟಾಗ ತಂತ್ರಜ್ಞರು ಗೈರೋಸ್ಕೋಪುಗಳನ್ನೂ ಆಂಟೆನಾ ತಿರುಗಿರುವ ದಿಕ್ಕನ್ನೂ ಆಧರಿಸಿ ನೌಕೆಯನ್ನು ನಡೆಸಿದರು. ಆಗಸ್ಟ್ 29ರಂದು, 312 ದಿನಗಳ ತರುವಾಯ, ಸಂಪರ್ಕ ಕಡಿದುಹೋಯಿತು. ನೌಕೆಯ ಎರಡೂ ಗಣಕಗಳನ್ನು ನಿಯಂತ್ರಿಸುವ ವಿದ್ಯುತ್ ಪೂರೈಕೆ ಘಟಕವನ್ನು ತೀವ್ರ ವಿಕಿರಣ ಕೆಡಿಸಿತೆಂಬ ಶಂಕೆ ಮೊದಲು ಪ್ರಕಟವಾಗಿ, ಆ ಘಟಕ ಅತಿಯಾಗಿ ಕಾದದ್ದೇ ಕಾರಣವೆಂಬ ವಿವರಣೆ ಬಳಿಕ ಬಂತು. ಇವೆರಡನ್ನೂ ಸೇರಿಸಿ ಗಣಕವೇ ಕೆಟ್ಟಿತೆಂದು ಬರೆಯುವುದು ಸರಿಯಲ್ಲ: ಪ್ರೊಸೆಸರ್ ಸುಸ್ಥಿತಿಯಲ್ಲಿದ್ದರೂ ಅದಕ್ಕೆ ವಿದ್ಯುತ್ತುಣಿಸುವ ಘಟಕ ಸೋತರೆ ಹೊರಗಿನವರಿಗೆ ಕಾಣುವುದು ಅದೇ ಮೌನ.

ಪ್ರೊಸೆಸರ್‌ನ ದೋಷ ಬಹುಕಾಲ ಅಪರೂಪವೆನಿಸಿತ್ತು. 1994ರ ಪೆಂಟಿಯಂ ಭಾಗಾಕಾರದ ತಪ್ಪು ವಿನ್ಯಾಸದ್ದಾದ್ದರಿಂದ ಆ ವಿನ್ಯಾಸದ ಎಲ್ಲ ಚಿಪ್ಪುಗಳಲ್ಲೂ ಒಂದೇ ಬಗೆಯಾಗಿತ್ತು. ಆದರೆ 2021ರಲ್ಲಿ ಗೂಗಲ್ ಮತ್ತು ಫೇಸ್‌ಬುಕ್ ಪ್ರಕಟಿಸಿದ ಬರಹಗಳು, ಸಾವಿರಾರು ಪ್ರೊಸೆಸರ್‌ಗಳ ನಡುವೆ ಕೆಲವೇ ಕೋರ್‌ಗಳು ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಲೆಕ್ಕ ಹಾಕುತ್ತವೆಂದು ದಾಖಲಿಸಿದವು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಸ್ಥಗಿತಗೊಳ್ಳುತ್ತಿದ್ದಾಗ ಅನೇಕ ಆಟಗಳು ವಿಡಿಯೋ ಸ್ಮೃತಿ ಸಾಲದೆಂಬ ಸಂದೇಶ ತೋರಿಸಿದ್ದರಿಂದ ಶಂಕೆ ಗ್ರಾಫಿಕ್ಸ್ ಕಾರ್ಡಿನತ್ತ ಹರಿಯಿತು. ಪ್ರೊಸೆಸರ್ ಮಿತಿಮೀರಿದ ವೋಲ್ಟೇಜ್ ಕೇಳಿ ಪಡೆಯುತ್ತಿತ್ತೆಂದು ಕಂಪನಿ ತಿಳಿಸಿ, ಆಗಸ್ಟ್‌ನಲ್ಲಿ ಮೈಕ್ರೋಕೋಡ್ ತಿದ್ದುಪಡಿ ನೀಡಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆಯೇ ಹೊರತು, ಆಗಲೇ ಸವೆದ ಚಿಪ್ಪನ್ನು ಸರಿಪಡಿಸದು; ಅದನ್ನು ಬದಲಿಸಲೇಬೇಕು.