ನೈಲ್ ತೀರದ ಏತ

ಈಜಿಪ್ಟಿನ ಗೀಜಾದ ಮಹಾ ಪಿರಮಿಡ್ಡನ್ನು ಕಟ್ಟಿದ ಜನರಿಗೆ ಏತದ ಪರಿಚಯವಿತ್ತೆಂಬುದಕ್ಕೆ ಆಧಾರವಿಲ್ಲ. ಬೆಟ್ಟದಂಥ ಕಲ್ಲುರಾಶಿಯನ್ನು ಮೇಲಕ್ಕೇರಿಸಿದ ಆ ನಾಡಿನಲ್ಲಿ ಒಂದು ತೊಟ್ಟಿ ನೀರನ್ನು ಸುಲಭವಾಗಿ ಎತ್ತುವ ಸಾಧನ ಚಿತ್ರಗಳಲ್ಲಿ ಕಾಣಿಸಿಕೊಳ್ಳುವುದು ಅದಾದ ಸಾವಿರ ವರ್ಷಗಳಿಗೂ ಈಚೆಗೆ.

ಇದಕ್ಕೆ ಕಾರಣವಿಲ್ಲದಿಲ್ಲ. ವರ್ಷಕ್ಕೊಮ್ಮೆ ನೈಲ್ ನದಿ ಉಕ್ಕಿ, ಬದುಗಳಿಂದ ಸುತ್ತುವರಿದ ಹೊಲಗಳನ್ನು ತುಂಬುತ್ತಿತ್ತು. ನೀರಿಳಿದ ಬಳಿಕ ಉಳಿದ ಮೆಕ್ಕಲು ಮಣ್ಣಿನಲ್ಲಿ ರೈತನು ಬಿತ್ತುತ್ತಿದ್ದನು. ಧಾನ್ಯಕ್ಕೆ ಇಷ್ಟು ಸಾಕಾಗಿತ್ತು. ಆದರೆ ಪ್ರವಾಹ ಮುಟ್ಟದ ಎತ್ತರದ ತೋಟಗಳಿಗೆ, ಕಾಯಿಪಲ್ಯದ ಮಡಿಗಳಿಗೆ, ಎರಡು ಕೊಡಗಳನ್ನು ಅಡ್ಡೆಯಲ್ಲಿ ತೂಗಿಸಿ ಹೆಗಲ ಮೇಲೆ ಹೊತ್ತು ತರಬೇಕಾಗಿತ್ತು. ನಾನಾ ಕಸುಬುಗಳ ಕಷ್ಟವನ್ನು ವರ್ಣಿಸುವ ಅಲ್ಲಿನ ಪ್ರಾಚೀನ ಕೃತಿಯೊಂದು ತೋಟಗಾರನ ನೊಂದ ಹೆಗಲನ್ನು ಮರೆತಿಲ್ಲ.

ಮೆಸೊಪೊಟೇಮಿಯದ ಅಕ್ಕಾಡ್ ಕಾಲದ, ಎಂದರೆ ಸುಮಾರು ಕ್ರಿ.ಪೂ. 2200ರ ಆಸುಪಾಸಿನ, ಮುದ್ರೆಯೊಂದರಲ್ಲಿ ಏತದ ಚಿತ್ರವಿದೆ. ಈಜಿಪ್ಟಿನ ಪ್ರಸಿದ್ಧ ಚಿತ್ರಗಳಲ್ಲೊಂದು ದೇರ್ ಎಲ್ ಮದೀನಾದಲ್ಲಿ, ಕ್ರಿ.ಪೂ. 13ನೆಯ ಶತಮಾನದ ಇಪೂಯ್ ಎಂಬಾತನ ಸಮಾಧಿಯಲ್ಲಿದೆ. ಇಪೂಯ್ ಅರಸನಲ್ಲ, ಶಿಲ್ಪಿ. ನೀರೆತ್ತುವವನ ದುಡಿಮೆ ದುಡಿಯುವವನೊಬ್ಬನ ಸಮಾಧಿಯ ಗೋಡೆಯಲ್ಲಿ ಉಳಿದು ಬಂದಿತೆಂಬುದು ಗಮನಾರ್ಹ.

ಏತದ ತತ್ತ್ವ ಸರಳವಾದುದು. ಆಧಾರದ ಮೇಲೆ ಅಡ್ಡಲಾಗಿ ತೂಗುವ ತೊಲೆ. ಅದರ ಒಂದು ತುದಿಗೆ ತೊಟ್ಟಿ, ಇನ್ನೊಂದು ತುದಿಗೆ ಒಣಗಿದ ಮಣ್ಣಿನ ದೊಡ್ಡ ಮುದ್ದೆ. ಬರಿದಾದ ತೊಟ್ಟಿಯನ್ನು ಕೆಳಗೆಳೆಯುವಾಗ ಮನುಷ್ಯನ ಮೈಭಾರವೇ ನೆರವಾಗುತ್ತದೆ. ತುಂಬಿದುದನ್ನು ಎತ್ತುವ ಕೆಲಸವನ್ನು ಹಿಂದಿನ ಭಾರ ವಹಿಸಿಕೊಳ್ಳುತ್ತದೆ. ಶ್ರಮ ಇಲ್ಲವಾಗಲಿಲ್ಲ, ಬೆನ್ನು ಬಗ್ಗಿಸಿ ಎತ್ತುವ ಕಷ್ಟ ಕೆಳಗೆಳೆಯುವ ಕಷ್ಟವಾಗಿ ಮಾರ್ಪಟ್ಟಿತು, ಅಷ್ಟೆ. ಆದರೆ ದಿನವಿಡೀ ದುಡಿಯುವವನಿಗೆ ಈ 'ಅಷ್ಟೆ' ಸಣ್ಣದಲ್ಲ. ದಂಡೆ ಇನ್ನೂ ಎತ್ತರವಾಗಿದ್ದರೆ ಒಂದರ ಮೇಲೊಂದು ಮೆಟ್ಟಿಲಾಗಿ ಏತಗಳನ್ನು ಹೂಡಿ, ಕೆಳಗಿನವನು ಹೊಯ್ದ ನೀರನ್ನು ಮೇಲಿನವನು ಎತ್ತುತ್ತಿದ್ದನು.

ನಮ್ಮ ಕನ್ನಡ ನಾಡಿಗೆ ಇದು ಹೊಸದೇನಲ್ಲ. 12ನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲಿ ಏತ ಉಪಮಾನವಾಗಿ ಬಂದಿರುವುದನ್ನು ನೋಡಿದರೆ, ಅದು ಆ ಕಾಲದ ಜನರ ನಿತ್ಯದ ನೋಟವಾಗಿತ್ತೆಂದು ತಿಳಿಯಬೇಕು. ದಕ್ಷಿಣ ಭಾರತದ ಒಂದು ಬಗೆಯ ಏತದಲ್ಲಿ ಮಣ್ಣಿನ ಮುದ್ದೆಯ ಬದಲು ಮನುಷ್ಯನೇ ತೊಲೆಯ ಮೇಲೆ ಹಿಂದೆ ಮುಂದೆ ನಡೆದು ಭಾರವಾಗುತ್ತಿದ್ದನು. ಇದನ್ನು ಒರಟು ಉಪಾಯವೆನ್ನುವುದು ಸರಿಯಲ್ಲ. ನೈಲ್ ದಂಡೆಯ ಒಂಟಿ ಏತಕ್ಕೆ ನಿಲುಕದ ಆಳದ ಬಾವಿಗಳಿಂದ ಅದು ನೀರೆತ್ತಿತು. ಎತ್ತು ಎಳೆಯುವ ಕಪಿಲೆಯನ್ನು ಹೂಡಲಾರದ ರೈತನಿಗೆ ಅವನ ಕಾಲುಗಳೇ ಎತ್ತುಗಳಾಗಿದ್ದವು.