ಎರಡು ಸೊನ್ನೆಗೆ ಹೆದರಿದ ಜಗತ್ತು

1999ರ ಕೊನೆಗೆ ಜಗತ್ತಿಗೆ ಒಂದು ಭಯ ಹಿಡಿದಿತ್ತು. ಹೆಸರು ವೈ-ಟು-ಕೆ. ಹಳೇ ಕಂಪ್ಯೂಟರುಗಳಲ್ಲಿ ಜಾಗ ಉಳಿಸಲು ಇಸವಿಯ ಕೊನೇ ಎರಡು ಅಂಕಿ ಮಾತ್ರ ಬರೆಯುತ್ತಿದ್ದರು, ನಾವು ಸಾಲದ ಚೀಟಿಯಲ್ಲಿ ಗೀಚುವ ಹಾಗೆ. 2000 ಬಂದಾಗ ಆ '00'ಯನ್ನು ಕಂಪ್ಯೂಟರು 1900 ಅಂದುಕೊಂಡರೆ? ಬ್ಯಾಂಕು ನಿಲ್ಲುತ್ತೆ, ವಿಮಾನ ಬೀಳುತ್ತೆ, ಕರೆಂಟು ಹೋಗುತ್ತೆ ಅಂತ ಗುಲ್ಲೆದ್ದಿತು. ಅಮೆರಿಕದಲ್ಲಿ ಕೆಲವರು ನೀರು, ಡಬ್ಬಿ ಊಟ, ಜನರೇಟರ್ ಕೂಡಿಟ್ಟರು. ಕರೆಂಟು ಹೋಗೋದಕ್ಕೆ ಇಷ್ಟೊಂದಾ ಅಂತ ನಮ್ಮ ಕಡೆಯವರು ಕೇಳಿಯಾರು!

ಹಾಸ್ಯಗಾರರು ಸುಮ್ಮನಿರಲಿಲ್ಲ. ಆ ಅಕ್ಟೋಬರ್ 31ರಂದು ಬಂದ 'ದಿ ಸಿಂಪ್ಸನ್ಸ್' ಕಾರ್ಟೂನಿನಲ್ಲಿ, ಅಣುಸ್ಥಾವರದ ಕಂಪ್ಯೂಟರು ಸರಿಮಾಡುವ ಹೊಣೆ ಸೋಮಾರಿ ಹೋಮರ್‌ನದು. ಅವನು ತನ್ನ ಕಂಪ್ಯೂಟರನ್ನೇ ಸರಿಮಾಡಿರುವುದಿಲ್ಲ. ಅಲ್ಲಿಂದ ಲೋಕವೆಲ್ಲ ಕೆಡುತ್ತದೆ.

ನಿಜದಲ್ಲಿ ಆಗಿದ್ದು ಇನ್ನೂ ತಮಾಷೆ. ನ್ಯೂಯಾರ್ಕ್ ರಾಜ್ಯದ ಒಂದು ವಿಡಿಯೋ ಅಂಗಡಿಯ ಕಂಪ್ಯೂಟರು, ಕ್ಯಾಸೆಟ್ ನೂರು ವರ್ಷ ತಡವಾಗಿ ಬಂದಿದೆ ಅಂತ ಗಿರಾಕಿಗೆ 91,250 ಡಾಲರ್ ಬಾಕಿ ತೋರಿಸಿತು.

ಆಮೇಲೆ ಜನ "ಏನೂ ಆಗಲಿಲ್ಲ, ಎಲ್ಲಾ ಬೂಟಾಟಿಕೆ" ಅಂದರು. ಈ ಮಾತು ನಾವು ಒಪ್ಪೋದಿಲ್ಲ. ಬೆಂಗಳೂರಿನ ಕಂಪನಿಗಳಲ್ಲಿ ನಮ್ಮ ಹುಡುಗ ಹುಡುಗಿಯರು ಕೋಬಾಲ್ ಎಂಬ ಹಳೇ ಭಾಷೆಯ ಪ್ರೋಗ್ರಾಂಗಳನ್ನು ಸಾಲು ಸಾಲಾಗಿ ತಿದ್ದಿದ್ದರು. ಹೋಮರ್ ಮಾಡದೆ ಬಿಟ್ಟ ಕೆಲಸ ಅದೇ. ರಾತ್ರಿಯಿಡೀ ಕೆರೆ ಏರಿಗೆ ಮಣ್ಣು ಹಾಕಿದವರಿಗೆ ಬೆಳಿಗ್ಗೆ "ಕೆರೆ ಒಡೀಲೇ ಇಲ್ವಲ್ಲ" ಅಂದರೆ ಹೇಗಿರುತ್ತೆ?

ಅಂದ ಹಾಗೆ, ಹಳೇ 32-ಬಿಟ್ ಯಂತ್ರಗಳ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ತಿದ್ದುವವರು ಈಗಾಗಲೇ ಕೂತಿದ್ದಾರೆ.